ಹರಳೆಣ್ಣೆ ಕುಡಿಯುತ್ತಿದ್ದ ಕ್ಲಾರಿನೆಟ್

ನನ್ನ ಇಬ್ಬರು ಮಕ್ಕಳ ನೆತ್ತಿಗೆ ಬಿದ್ದ ಹರಳೆಣ್ಣೆಗಿಂತ ಪಕ್ಕದ ಮನೆಯ ಕ್ಲಾರಿನೆಟ್ಟಿನ ಹೊಟ್ಟೆಗೆ ಹೋದದ್ದೇ ಜಾಸ್ತಿ. ಅದರ ಒಡೆಯರ ಮೇಲೆ ನಾನು ಹದಿನೆಂಟು ವರ್ಷ ರೇಗಿದ್ದೇನೆ, ಅವರ ಮದ್ದುಗಳನ್ನು ಆಡಿಕೊಂಡಿದ್ದೇನೆ, ಬೀದಿಯಲ್ಲಿ ನಿಲ್ಲಿಸಿಕೊಂಡು ಬೈದೂ ಇದ್ದೇನೆ. ಅವರು ಹೋಗಿ ಈಗ ಏಳು ತಿಂಗಳಾಯಿತು. ಬೈದದ್ದನ್ನೆಲ್ಲ ವಾಪಸು ತೆಗೆದುಕೊಳ್ಳೋಣವೆಂದು ಇದನ್ನು ಬರೆಯುತ್ತಿಲ್ಲ. ಅದರಲ್ಲಿ ಅರ್ಧಕ್ಕರ್ಧವಾದರೂ ಸರಿಯಾಗಿಯೇ ಬೈದಿದ್ದೆ.

ಚಾಮರಾಜನಗರದಲ್ಲಿ ನಮ್ಮದೂ ಅವರದೂ ನಡುಗೋಡೆ ಒಂದೇ ಆದ ಮನೆಗಳು. ಅವರ ಸ್ವಂತ ಊರು ಉಡಿಗಾಲ. ಅಲ್ಲಿನ ಹೊಲವನ್ನು ಅಣ್ಣನ ಕೈಗೆ ಬಿಟ್ಟು, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತ ಪೇಟೆ ಸೇರಿದವರು. ಬೀದಿಗೆಲ್ಲ ಅವರು ಬ್ಯಾಂಡ್ ಮೇಷ್ಟ್ರು. ಹೆಸರು ಬೇಡ, ಹೆಸರು ಹಿಡಿದು ಕೂಗಿದರೆ ಅವರೇ ಒಂದು ಗಳಿಗೆ ತಡವಾಗಿ ತಿರುಗಿ ನೋಡುತ್ತಿದ್ದರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲ ಮೇಲೊಂದು ಟವೆಲ್ಲು. ನಾನು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ದಿನಾ ಬಸ್ಸಿನಲ್ಲಿ ಓಡಾಟ. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಅವರು ‘ಸಿಸ್ಟರಮ್ಮ’ ಅಂತಲೇ ಕರೆದರು, ಕೊನೆಯವರೆಗೂ.

ನಾವು ಆ ಮನೆಗೆ ಬಂದ ವಾರವೇ ಹಿತ್ತಲ ಬಾಗಿಲಿಗೆ ಬಂದು ನಿಂತರು.

“ಸಿಸ್ಟರಮ್ಮ, ಒಂದು ಚಮಚ ಅರಳೆಣ್ಣೆ ಇದ್ರೆ ಕೊಡ್ತೀರಾ?”

“ಯಾರಿಗೆ? ಎಷ್ಟು ದಿನದಿಂದ ಹೊಟ್ಟೆ ಕಟ್ಟಿದೆ?”

“ಒಟ್ಟೆ ಅಲ್ಲ ಕಣಮ್ಮ, ಗಂಟ್ಲು. ಒಣಗ್ಬುಟ್ಟು ಸ್ವರನೇ ಏಳ್ತಾ ಇಲ್ಲ. ವಯಸ್ಸೂ ಆಗದೆ ನೋಡಿ.”

ಪಾಪ, ಮನೆಯಲ್ಲಿ ಯಾರೋ ಮುದುಕರಿದ್ದಾರೆ ಅಂದುಕೊಂಡೆ. ಹರಳೆಣ್ಣೆ ಶೀಸೆಯ ಜೊತೆಗೆ ಥರ್ಮಾಮೀಟರು, ಟಾರ್ಚು ಎಲ್ಲ ಹಿಡಿದು ಅವರ ಹಿಂದೆಯೇ ಹೋದೆ. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ತೊಳೆದ ಹಳೇ ಪಂಚೆ, ಪಂಚೆಯ ಮೇಲೆ ಐದು ತುಂಡಾಗಿ ಒಂದು ಕರಿಯ ಕ್ಲಾರಿನೆಟ್ ಮಲಗಿತ್ತು. ಅವರ ಹೆಂಡತಿ ಮಹದೇವಮ್ಮ ನನ್ನ ಕೈಯಲ್ಲಿದ್ದ ಥರ್ಮಾಮೀಟರನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಮ್ಮನೆ ರೋಗಿ ಇದೇ ಸಿಸ್ಟರಮ್ಮ. ನಂಗೆ ಜ್ವರ ಬಂದ್ರೆ ಒಂದ್ ಮಾತ್ರೆ ತಂದ್ಕೊಡಕ್ಕೆ ಈವಯ್ಯನ್ಗೆ ಪುರುಸೊತ್ತಿಲ್ಲ. ಇದ್ಕೆ ಆದ್ರೆ ವಾರ್ವಾರ ಎಣ್ಣೆಸ್ನಾನ.”

ನಾನು ಸಿಟ್ಟು ಮಾಡಿಕೊಂಡು ಎದ್ದು ಬರಬೇಕೆಂದಿದ್ದೆ. ಆದರೆ ಆ ಮನುಷ್ಯ ಆಗಲೇ ನವಿಲುಗರಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ಕೊಳವೆಯೊಳಗೆ ಮೆಲ್ಲಗೆ ಆಡಿಸುತ್ತ, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತ ಕೂತಿದ್ದರು. ಕೈ ಎಷ್ಟು ಹಗುರವಾಗಿತ್ತೆಂದರೆ ನಮ್ಮ ವಾರ್ಡಿನ ಹೊಸ ಹುಡುಗಿಯರನ್ನು ಕರೆತಂದು ತೋರಿಸಬೇಕು ಅನ್ನಿಸಿತು.

“ಇದು ಕರೀಮರ ಸಿಸ್ಟರಮ್ಮ. ಮೈಸೂರಲ್ಲಿ ನಮ್ ಗುರುಗೋಳು ಕಣ್ಮುಚ್ಚೋ ಮುಂದೆ ನನ್ ಕೈಗೆ ಕೊಟ್ಟದ್ದು. ಒಣಗಿದ್ರೆ ಸೀಳ್ತದೆ, ನೆನೆದ್ರೆ ಉಬ್ಕತದೆ. ಬಾಣಂತಿ ಮಡಗ್ದಂಗೆ ಮಡೀಕಬೇಕು. ಗಾಳಿಗೂ ಬುಡಂಗಿಲ್ಲ, ಬಿಸ್ಲಿಗೂ ಬುಡಂಗಿಲ್ಲ.”

ಈ ಮಾತನ್ನು ನಾನು ಅವತ್ತೇ ಕೇಳಿದ್ದೆ. ಕಿವಿಯಾರೆ ಕೇಳಿದ್ದೆ. ಇದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ಅಲ್ಲಿಂದ ಶುರುವಾಯಿತು ನಮ್ಮ ಅಡುಗೆಮನೆಗೂ ಅವರ ವಾದ್ಯಕ್ಕೂ ಸಂಬಂಧ. ಕ್ಲಾರಿನೆಟ್ಟಿನ ಪೆಟ್ಟಿಗೆಯೊಳಗೆ ತಂಪು ಇರಬೇಕಂತೆ, ಅದಕ್ಕೆ ಕಿತ್ತಳೆ ಹಣ್ಣಿನ ಸಿಪ್ಪೆ. ನಮ್ಮ ಮಕ್ಕಳು ಹಣ್ಣು ತಿಂದರೆ ಸಿಪ್ಪೆಯನ್ನು ಗೋಡೆಯ ಮೇಲಿಡಬೇಕು, ಬಿಸಾಡಿದರೆ ಬೇಜಾರು. ತುಂಡಿಗೆ ತುಂಡು ಕೂಡಿಸುವ ಕಡೆ ಬಿರಡೆ ಸವೆದರೆ ಹೊಲಿಗೆ ದಾರ ಸುತ್ತಿ ಮೇಲೆ ಜೇನುಮೇಣ. ಕೀಲಿಯ ಕೆಳಗಿನ ಸ್ಪ್ರಿಂಗು ಮುರಿದರೆ ನನ್ನ ಹೊಲಿಗೆ ಡಬ್ಬಿಯಿಂದ ನಾಕನೇ ನಂಬರಿನ ಸೂಜಿ. ಬೆಳ್ಳಿಯ ಹಾಗಿದ್ದ ಕೀಲಿಗಳು ಮಂಕಾದರೆ ವಿಭೂತಿ ಹಚ್ಚಿ ಉಜ್ಜುವುದು. ಬೆಳಗ್ಗೆ ಪೂಜೆ ಮುಗಿಸಿ ಬಂದಾಗ ಹಣೆಗಿಟ್ಟು ಮಿಕ್ಕದ್ದು ಅದಕ್ಕೆ. ಯಾವುದಾದರೂ ತೂತಿನ ಮುಚ್ಚಳದಲ್ಲಿ ಗಾಳಿ ಸೋರುತ್ತಿದೆ ಎಂಬ ಅನುಮಾನ ಬಂದರೆ ಬ್ಯಾಂಡಿನಲ್ಲಿ ಡ್ರಮ್ಮು ಹೊಡೆಯುವ ನಂಜುಂಡನನ್ನು ಕರೆಸುತ್ತಿದ್ದರು. “ಬೀಡಿ ಅಚ್ಲಾ” ಎನ್ನುವರು. ನಂಜುಂಡ ಒಂದು ದಮ್ಮು ಎಳೆದು ಕೊಳವೆಯೊಳಗೆ ಊದಬೇಕು, ಇವರು ಎಲ್ಲ ತೂತು ಮುಚ್ಚಿ ಹಿಡಿದು ಎಲ್ಲಿಂದ ಹೊಗೆ ಬರುತ್ತದೆ ನೋಡಬೇಕು. ನಾನು ನಂಜುಂಡನ ಶ್ವಾಸಕೋಶದ ಬಗ್ಗೆ ಭಾಷಣ ಮಾಡಿದರೆ ಇಬ್ಬರೂ ತಲೆ ತಗ್ಗಿಸಿ ಪೂರಾ ಕೇಳಿ, ಆಮೇಲೆ ಇನ್ನೊಂದು ಬೀಡಿ ಹಚ್ಚುತ್ತಿದ್ದರು.

ಮುಚ್ಚಳದ ಕೆಳಗೆ ಮೆತ್ತೆ ಅಂತ ಇರುತ್ತದೆ, ಅದರ ತೆಳು ಚರ್ಮ ಹರಿದರೆ ಸ್ವರ ಕೆಡುತ್ತದೆ. ಅದಕ್ಕೆ ಅವರು ಕಂಡುಕೊಂಡಿದ್ದ ಮದ್ದು ಮೊಟ್ಟೆಯ ಚಿಪ್ಪಿನೊಳಗಿನ ಬಿಳಿ ಪೊರೆ. ಅವರ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವಂತಿಲ್ಲ. ಆದ್ದರಿಂದ ಈ ಕೆಲಸ ನಮ್ಮ ಹಿತ್ತಲಲ್ಲಿ. “ಮೊಟ್ಟೆ ನಿಮ್ಗೆ, ಪೊರೆ ನಂಗೆ” ಎಂದು ಒಪ್ಪಂದ. ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಮುಖ ಆಚೆ ತಿರುಗಿಸಿಕೊಂಡು, ಬೆರಳ ತುದಿಯಲ್ಲಿ ಪೊರೆ ಬಿಡಿಸಿ ಮೈದಾ ಅಂಟು ಹಾಕಿ ಕೂರಿಸುವರು. ಅದು ಎರಡು ಮದುವೆಗೆ ಬರುತ್ತಿತ್ತು. ಮೂರನೇ ಮದುವೆಯಲ್ಲಿ ಕಿತ್ತುಬರುತ್ತಿತ್ತು. ಅಂಗಡಿಯಲ್ಲಿ ಹೊಸ ಮೆತ್ತೆ ಸಿಗುತ್ತದಲ್ಲ ಮೇಷ್ಟ್ರೇ ಅಂದರೆ, “ಸಿಕ್ತದೆ. ಅದ್ರಲ್ಲಿ ಏನ್ ಮಜಾ ಅದೆ?” ಅನ್ನುತ್ತಿದ್ದರು.

ನಮ್ಮ ಯಜಮಾನರ ಮೊಣಕೈ ಎಕ್ಸ್-ರೇ ಫಿಲ್ಮಿನ ಕಥೆಯನ್ನೂ ಹೇಳಬೇಕು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡು ಎಂಬ ತೆಳುಪಟ್ಟಿ ಬೆತ್ತದ ಜಾತಿಯದು, ಮೈಸೂರಿನಿಂದ ಬರಬೇಕು. ಒಂದು ಸಲ ಬರುವುದು ತಡವಾಯಿತು. ನಮ್ಮ ಮನೆಯ ಬೀರುವಿನ ಮೇಲಿದ್ದ ಎಕ್ಸ್-ರೇಯನ್ನು ಕೇಳಿ ತೆಗೆದುಕೊಂಡು ಹೋಗಿ, ಕತ್ತರಿಸಿ, ಉಜ್ಜಿ ರೀಡು ಮಾಡಿ ಕಟ್ಟಿ ಊದಿದರು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಮೇಷ್ಟ್ರು ಗೋಡೆಯ ಮೇಲಿಂದ ತಲೆ ಎತ್ತಿ ನಮ್ಮ ಯಜಮಾನರಿಗೆ ಬಹಳ ಗಂಭೀರವಾಗಿ ಹೇಳಿದರು: “ನಿಮ್ ಮೊಣಕೈಗೆ ಸಂಗೀತ ಒಗ್ಗಲ್ಲ ಬುಡಿ ಸಾರ್.”

ಏನು ಕೆಟ್ಟರೂ ಅವರ ಬಾಯಲ್ಲಿ ಒಂದೇ ಮಾತು: “ಅದ್ಕೂ ಒಂದ್ ಮದ್ದದೆ ಬುಡಿ.” ಪುಣಜನೂರಿನ ಮದುವೆಗೆ ಹೋಗುವಾಗ ಬೆಳಗಿನ ಚಳಿಗೆ ವಾದ್ಯ ತಣ್ಣಗಾಗಿ ಶ್ರುತಿ ಇಳಿದರೆ, ಮೇಲಿನ ತುಂಡನ್ನು ಷರ್ಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು, ಜ್ವರ ನೋಡಿಸಿಕೊಳ್ಳುವವರ ಹಾಗೆ ವ್ಯಾನಿನಲ್ಲಿ ಕೈ ಬಿಗಿದು ಕೂರುತ್ತಿದ್ದರಂತೆ. ನಂಜುಂಡ ಇದನ್ನು ನಟಿಸಿ ತೋರಿಸುತ್ತಿದ್ದ. ಆ ಮದುವೆಯಲ್ಲಿ ಹುಡುಗನ ಕಡೆಯವರು ಸತ್ಯಮಂಗಲದವರು, ತಮಿಳಿನಲ್ಲಿ ವಿಚಾರಿಸಿಕೊಂಡು ಕಂಕುಳಿಗೆ ಹಚ್ಚಲು ಮುಲಾಮು ತಂದುಕೊಟ್ಟರಂತೆ.

ಇರುವೆಯ ಪ್ರಸಂಗದ ಕೊನೆಗೆ ಮಾತ್ರ ನಾನೇ ಸಾಕ್ಷಿ. ಗುಂಡ್ಲುಪೇಟೆಯಲ್ಲಿ ಒಂದು ಮದುವೆ. ಹಿಂದಿನ ದಿನ ಸಂಜೆಯ ಆರತಕ್ಷತೆಯಲ್ಲಿ ಇವರು ಎರಡು ಜಹಂಗೀರು ತಿಂದು, ಬಾಯಿ ಮುಕ್ಕಳಿಸದೆ ನುಡಿಸಿ, ವಾದ್ಯವನ್ನು ಹಾಗೇ ಪೆಟ್ಟಿಗೆಯಲ್ಲಿಟ್ಟು ಛತ್ರದ ಮೂಲೆಗೆ ಸೇರಿಸಿದ್ದಾರೆ. ಬೆಳಗ್ಗೆ ತಾಳಿ ಕಟ್ಟುವ ಹೊತ್ತಿಗೆ ‘ಗಟ್ಟಿಮೇಳ’ ಅಂದರಂತೆ, ಇವರು ಬಾಯಿಗಿಟ್ಟು ಊದಿದರಂತೆ, ಕೆಂಪಿರುವೆ ಸಾಲು ಹಿಡಿದು ತುಟಿಗೆ ಬಂತಂತೆ. ತಾಳಿ ಕಟ್ಟುವಾಗ ವಾದ್ಯ ನಿಲ್ಲಿಸುವುದು ಉಂಟೆ? ಮೂರು ಗಂಟು ಬೀಳುವವರೆಗೆ ಕಣ್ಣಲ್ಲಿ ನೀರು ಸುರಿಸುತ್ತ ಊದಿದ್ದಾರೆ. ಹುಡುಗಿಯ ಕಡೆಯವರು, ನೋಡಿ ಪಾಪ, ನಮ್ಮ ಮಗಳನ್ನು ಕಳಿಸಿಕೊಡುವುದಕ್ಕೆ ಬ್ಯಾಂಡಿನವರೂ ಅಳುತ್ತಿದ್ದಾರೆ ಅಂದುಕೊಂಡರಂತೆ. ಅರ್ಧ ಗಂಟೆಯ ಮೇಲೆ ಕೆಂಪು ಕೋಟು, ಭುಜದ ಜರತಾರಿ ಪಟ್ಟಿ ಸಮೇತ ನಮ್ಮ ಆಸ್ಪತ್ರೆಗೆ ಬಂದರು. ಎರಡು ತುಟಿಯೂ ಬನ್ನಿನ ಹಾಗೆ ಊದಿದ್ದವು.

“ಯಾಕ್ರೀ ಮೇಷ್ಟ್ರೇ, ಬುದ್ಧಿ ಬೇಡವೇನ್ರೀ ನಿಮಗೆ?” ಅಂತ ಇಂಜೆಕ್ಷನ್ನು ಕೈಗೆ ತೆಗೆದುಕೊಂಡರೆ, ಆ ಪುಣ್ಯಾತ್ಮ ತೋಳು ಕೊಡುವುದು ಬಿಟ್ಟು ಕ್ಲಾರಿನೆಟ್ಟನ್ನು ಮುಂದೆ ಹಿಡಿದು, “ಮೊದ್ಲು ಇದ್ಕೇನ್ ಮಾಡನ ಯೋಳಿ” ಅಂದರು. ಅವತ್ತಿನಿಂದ ಪೆಟ್ಟಿಗೆಗೆ ನಾಲ್ಕು ಲವಂಗವೂ ಸೇರಿತು. ಹರಳೆಣ್ಣೆ, ಕಿತ್ತಳೆ ಸಿಪ್ಪೆ, ಲವಂಗ. ಮುಚ್ಚಳ ತೆಗೆದರೆ ಥೇಟ್ ಬಾಣಂತಿ ಕೋಣೆಯ ವಾಸನೆ.

ಬರೀ ಹುಡುಗಾಟದ ಮನುಷ್ಯ ಅಂತ ಯಾರೂ ತಿಳಿಯಬಾರದು. ಒಂದು ದಿನ ಹೆರಿಗೆ ವಾರ್ಡಿನಲ್ಲಿ ಒಬ್ಬಳು ತಾಯಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಸಣ್ಣ ವಯಸ್ಸು. ನಾನು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ಮೇಷ್ಟ್ರು ಗೋಡೆಯ ಆಚೆಯಿಂದ ನೋಡಿದರು. ಸ್ವಲ್ಪ ಹೊತ್ತಿಗೆ ನುಡಿಸಲು ಶುರುಮಾಡಿದರು. ಯಾವ ರಾಗವೋ ನನಗೆ ತಿಳಿಯದು. ಕೆಳಗಿನಿಂದ ಒಂದೊಂದೇ ಮೆಟ್ಟಲು ಹತ್ತಿ ಹೋಗಿ ಮೇಲೆ ಒಂದು ಸ್ವರದಲ್ಲಿ ನಿಲ್ಲುತ್ತಿತ್ತು. ಅಲ್ಲಿಯೇ ನಿಂತು, ಅಲುಗದೆ, ತೆಳ್ಳಗೆ, ಬಹಳ ಹೊತ್ತು. ಆ ಸ್ವರ ನಿಂತಿರುವಷ್ಟು ಹೊತ್ತು ನಾನೂ ಅಳದೆ ಕೂತಿದ್ದೆ. ಆಮೇಲೆ ಎದ್ದು ಕಾಲು ತೊಳೆದು ಅನ್ನಕ್ಕಿಟ್ಟೆ. ಅದಾದ ಮೇಲೆ ಎಷ್ಟೋ ಸಂಜೆ ಆ ಸ್ವರವನ್ನು ಕೇಳಿದ್ದೇನೆ. “ನನ್ನ ಮಗಳ ಧಾರೆಯ ದಿನ ಅದನ್ನು ನುಡಿಸಬೇಕು ಮೇಷ್ಟ್ರೇ” ಅಂದಿದ್ದೆ. “ನುಡುಸ್ದೆ ಇರ್ತೀನಾ ಸಿಸ್ಟರಮ್ಮ” ಅಂದಿದ್ದರು.

ಮಗಳ ಮದುವೆಗೆ ಇನ್ನೂ ಎರಡು ತಿಂಗಳಿದೆ ಅನ್ನುವಾಗ ಅವರಿಗೆ ಹರ್ನಿಯಾ ಆಪರೇಷನ್ ಆಯಿತು, ಮೈಸೂರಿನಲ್ಲಿ. ಅಷ್ಟು ವರ್ಷ ಉಸಿರು ಬಿಗಿಹಿಡಿದು ಊದಿದವರಿಗೆ ಅದು ಬರದೆ ಇನ್ನೇನು. ಹೋಗುವ ದಿನ ಬೆಳಗ್ಗೆ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟರು. ಅವರ ಮನೆಯಲ್ಲಿ ಇಲಿ ಕಾಟ. “ಸುಕ್ರವಾರ ಒಂದ್ ಚೂರ್ ಎಣ್ಣೆ ತೋರ್ಸಿ, ಸಿಪ್ಪೆ ಬದ್ಲಾಯ್ಸಿ. ಇನ್ನೇನೂ ಬ್ಯಾಡ.” ಹೋಗುತ್ತ ಬಾಗಿಲಲ್ಲಿ ಇನ್ನೊಂದು ಸಲ ನಿಂತು, “ಏನೂ ಬ್ಯಾಡ” ಅಂದರು.

ಏನೂ ಮಾಡದೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೂವತ್ತು ವರ್ಷ ನರ್ಸಾಗಿದ್ದವಳು. ಶುಕ್ರವಾರ ಪೆಟ್ಟಿಗೆ ತೆಗೆದೆ. ಕಮಟು ಎಣ್ಣೆಯ ವಾಸನೆ, ಕೊಳವೆಯೊಳಗೆ ಎಷ್ಟು ವರ್ಷದ್ದೋ ಕಪ್ಪು ಜಿಡ್ಡು. ಆಪರೇಷನ್ ಆದ ಹೊಟ್ಟೆ ಇಟ್ಟುಕೊಂಡು ಬರುವ ಮನುಷ್ಯ ಈ ಗಲೀಜನ್ನು ಬಾಯಿಗಿಡಬೇಕೇ ಅನ್ನಿಸಿತು. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಳಗೂ ಹೊರಗೂ ತಿಕ್ಕಿದೆ. ಹತ್ತಿ ಬೆಳ್ಳಗೆ ಬರುವವರೆಗೂ ತಿಕ್ಕಿದೆ. ಆಮೇಲೆ, ಆಸ್ಪತ್ರೆಯ ಟ್ರೇಗಳನ್ನು ಒಣಗಿಸುವ ಹಾಗೆ, ಬಿಳಿ ಬಟ್ಟೆ ಹಾಸಿ ತಾರಸಿಯ ಬಿಸಿಲಿಗಿಟ್ಟೆ. ಚೈತ್ರದ ಬಿಸಿಲು. ಕೆಳಗಿಳಿದು ಬಂದು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ, ಮೇಲೆ ಟಪ್ ಅಂತ ಸದ್ದಾಯಿತು. ಕಾಗೆ ಏನನ್ನೋ ಬೀಳಿಸಿತು ಅಂದುಕೊಂಡೆ.

ಮೇಲಿನ ತುಂಡು ಬಾಯಿಂದ ಎರಡನೇ ತೂತಿನವರೆಗೆ ಸೀಳಿತ್ತು.

ಮೇಷ್ಟ್ರು ಮನೆಗೆ ಬಂದು ಮಲಗಿದ್ದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಅವರು ತುಂಡನ್ನು ಕೈಗೆ ತೆಗೆದುಕೊಂಡು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದರು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಮಹದೇವಮ್ಮ ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋಗಿಬಿಟ್ಟರು.

“ಎಷ್ಟೊತ್ತು ಬಿಸ್ಲಲ್ಲಿ ಮಡಗಿದ್ರಿ?”

“ಅರ್ಧ ಗಂಟೆ.”

“ಸ್ಪಿರಿಟ್ಟಾ?”

“ಹೂಂ.”

ಮೂಗಿನ ಹತ್ತಿರ ಹಿಡಿದು ಮೂಸಿದರು. “ನನ್ ಕೈಗೆ ಬಂದ್ಮೇಲೆ ಇಷ್ಟು ಚೊಕ್ಕಾಗಿ ಇದು ಯಾವತ್ತೂ ಇರ್ನಿಲ್ಲ ಬುಡಿ” ಅಂದು ನಕ್ಕರು. ನಗುವಾಗ ಹೊಟ್ಟೆಯ ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದರು. ನಾನು ಗೊಳೋ ಅಂತ ಅತ್ತುಬಿಟ್ಟೆ.

“ಅಳ್ಬ್ಯಾಡಿ ಸಿಸ್ಟರಮ್ಮ. ಅದ್ಕೂ ಒಂದ್ ಮದ್ದದೆ ಬುಡಿ.”

ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ಆ ಮದ್ದನ್ನು ನಾನು ನಂಬಿದೆ. ನಂಬಿದೆ ಅಂದರೆ, ಹಟ ಹಿಡಿದು ನಂಬಿದೆ. ನನ್ನ ತವರು ಕುದೇರಿನಿಂದ ಜೇನುಮೇಣ ತರಿಸಿದೆ. ಅರಗು ತಂದೆ. ನನ್ನ ಮದುವೆ ಸೀರೆಯ ಸೆರಗಿನ ಕುಚ್ಚು ಬಿಚ್ಚಿ ರೇಷ್ಮೆ ದಾರ ಕೊಟ್ಟೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಯನ್ನೂ ತೆಗೆದುಕೊಂಡು ಹೋದೆ. ಅದನ್ನು ನೋಡಿ ಮೇಷ್ಟ್ರು, “ಕೈ ಮುರಿದಿದ್ರೆ ಇದ್ನ ಹಾಕ್ಬೋದಿತ್ತು, ಇದು ಗಂಟ್ಲಲ್ವಾ” ಅಂದು ವಾಪಸು ಕೊಟ್ಟರು. ಕರೀಮರದ ಪುಡಿಯನ್ನು ಅಂಟಿನಲ್ಲಿ ಕಲೆಸಿ ಸೀಳಿಗೆ ತುಂಬಿದರು, ಮೇಲೆ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿದರು, ಅದರ ಮೇಲೆ ಅರಗು ಕಾಯಿಸಿ ಎಳೆದರು. ಮೂರು ವಾರ ಮುಟ್ಟದೆ ಇಟ್ಟರು. ಕೆಂಪು ರೇಷ್ಮೆಯ ಪಟ್ಟಿ ಕಟ್ಟಿಕೊಂಡು ಅದು ನೋಡಲು ಬಲು ಚಂದವಾಗಿತ್ತು.

“ಹೆಂಗಿದೆ ಮೇಷ್ಟ್ರೇ, ಕೂಡಿತಾ?” ಅಂತ ದಿನಾ ಕೇಳುತ್ತಿದ್ದೆ.

“ಕೂಡ್ತದೆ ಕಣಮ್ಮ. ಕೂಡ್ದೆ ಎಲ್ಲಿಗೋದದು?”

ಮಗಳ ಮದುವೆ ಗುಂಡ್ಲುಪೇಟೆಯ ಛತ್ರದಲ್ಲಿ. ಕೆಂಪು ಕೋಟಿನಲ್ಲಿ ಮೇಷ್ಟ್ರು ಎಲ್ಲರಿಗಿಂತ ಮುಂದೆ ನಿಂತಿದ್ದರು. ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ತಗ್ಗಿನ ಸ್ವರಗಳಲ್ಲಿ, ಹದವಾಗಿ. ಹೆಣ್ಣು ಗಂಡಿನ ಕೈಗೆ ಧಾರೆಯ ಹಾಲು ಬೀಳುವ ಹೊತ್ತಿಗೆ ಅದೇ ರಾಗ ಬಂತು. ಒಂದೊಂದೇ ಮೆಟ್ಟಲು ಹತ್ತಿತು. ನಾನು ಕೈಯಲ್ಲಿದ್ದ ಅಕ್ಷತೆ ಮರೆತು ಆ ಕಡೆ ತಿರುಗಿದೆ. ಮೇಲಿನ ಸ್ವರಕ್ಕೆ ಇನ್ನೊಂದೇ ಮೆಟ್ಟಲು ಅನ್ನುವಾಗ ಅವರು ವಾದ್ಯವನ್ನು ತೆಗೆದು, ಟವೆಲ್ಲಿನಿಂದ ಬಾಯಿ ಒತ್ತಿಕೊಂಡು, ಪಕ್ಕದವನಿಗೆ ಕಣ್ಣುಸನ್ನೆ ಮಾಡಿದರು. ಟ್ರಂಪೆಟ್ಟಿನವನು ಏನನ್ನೋ ಎತ್ತಿಕೊಂಡ.

ಊಟದ ಹೊತ್ತಿನಲ್ಲಿ ಹುಡುಕಿಕೊಂಡು ಹೋದೆ. “ಯಾಕೆ ಮೇಷ್ಟ್ರೇ? ಸೀಳು ಬಿಟ್ಟುಕೊಂಡಿತಾ?”

“ಅಯ್ಯೋ, ಅದೆಲ್ಲ ಕಲ್ಲಿದ್ದಂಗೆ ಅದೆ. ನನ್ ಮುಂದಿನ್ ಅಲ್ಲು ಸಿಸ್ಟರಮ್ಮ. ಎರಡೂ ಅಲ್ಲಾಡ್ತಾವೆ. ಮೇಲಿನ್ ಸ್ವರಕ್ಕೆ ಅಲ್ಲೂರಿ ಕಚ್ಬೇಕು, ಆಗ್ನಿಲ್ಲ. ವಯಸ್ಸು ನೋಡಿ.” ಟವೆಲ್ಲು ಬಾಯಿಂದ ತೆಗೆಯಲೇ ಇಲ್ಲ.

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಆ ಕ್ಷಣ ಸಮಾಧಾನವಾಯಿತು. ಸದ್ಯ, ನನ್ನಿಂದ ಅಲ್ಲವಲ್ಲ ಅಂದುಕೊಂಡೆ. ಎರಡು ತುತ್ತು ಹೆಚ್ಚಿಗೆ ಉಂಡೆ.

ಆಮೇಲೆ ಅವರು ಬ್ಯಾಂಡು ಬಿಟ್ಟರು. ಹಲ್ಲಿಲ್ಲದವನಿಗೆ ಕ್ಲಾರಿನೆಟ್ ಯಾಕೆ ಅಂದರು. ನಾಲ್ಕು ವರ್ಷ ನಾನು ಅವರ ಹಲ್ಲಿನ ಹಿಂದೆ ಬಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬಂದೆ. “ಅಮಾವಾಸ್ಯೆ ಕಳೀಲಿ” ಅಂದರು. ಕಳೆಯಿತು. “ಉಡಿಗಾಲದಲ್ಲಿ ನಾಟಿ ಅದೆ” ಅಂದರು. ಲವಂಗದೆಣ್ಣೆ ಹಚ್ಚುತ್ತಿದ್ದೇನೆ, ಜಾಲಿ ಕಡ್ಡಿಯಲ್ಲಿ ಉಜ್ಜುತ್ತಿದ್ದೇನೆ, ಗಟ್ಟಿಯಾಗುತ್ತದೆ ಬಿಡಿ ಅಂದರು. ಬಾಯಿ ತೆಗೆಯಿರಿ ನೋಡುತ್ತೇನೆ ಅಂದರೆ ಟವೆಲ್ಲು ಅಡ್ಡ ಬರುತ್ತಿತ್ತು. “ಎಣ್ಮಕ್ಳು ಮುಂದೆ ಬಾಯ್ ಕಳಿಯಕ್ಕೆ ನಾಚ್ಕೆ ಆಯ್ತದೆ” ಅಂತ ಬೇರೆ. ಇನ್ನೊಂದು ವಾದ್ಯ ತಂದು ನಿಧಾನಕ್ಕೆ ನುಡಿಸಿ ನೋಡಿ ಅಂದರೂ ಆಗಲಿಲ್ಲ. ಬೀದಿಯಲ್ಲಿ ನಿಲ್ಲಿಸಿಕೊಂಡು ಬೈದೆ ಅಂದೆನಲ್ಲ, ಅದು ಇದಕ್ಕೇ. “ಸೋಮಾರಿ ನೀವು! ಒಂದು ಕೊಳವೆಗೆ ಮಾಡಿದ ಆರೈಕೆಯಲ್ಲಿ ಕಾಲುಭಾಗ ನಿಮ್ಮ ಬಾಯಿಗೆ ಮಾಡಿಕೊಂಡಿದ್ದರೆ ಇವತ್ತು ನುಡಿಸುತ್ತಿದ್ದಿರಿ” ಅಂತ, ಹಾಲಿನವನ ಎದುರಿಗೆ. ತಲೆ ತಗ್ಗಿಸಿ ಪೂರಾ ಕೇಳಿದರು. ಯಾವತ್ತಿನ ಹಾಗೆ.

ನನ್ನ ನಿಪ್ಪಟ್ಟು ಅಂದರೆ ಅವರಿಗೆ ಪ್ರಾಣ. ಮೊದಲೆಲ್ಲ ಕಡಲೆಬೀಜ ಹಾಕಿದ ಗಟ್ಟಿ ನಿಪ್ಪಟ್ಟನ್ನು ಅವರು ಕಡಿಯುವ ಸದ್ದು ಗೋಡೆಯ ಈಚೆಗೆ ಕೇಳುತ್ತಿತ್ತು. ಹಲ್ಲು ಅಲ್ಲಾಡಿದ ಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಅದನ್ನು ಕಾಫಿಯಲ್ಲಿ ಅದ್ದಿ, ಮೆತ್ತಗೆ ಮಾಡಿ, ಒಂದು ಪಕ್ಕದಿಂದ ನಿಧಾನಕ್ಕೆ ತಿನ್ನುತ್ತಿದ್ದರು. ಮುರಿದು ಕಾಫಿಯೊಳಗೆ ಬಿದ್ದರೆ ಚಮಚದಲ್ಲಿ ಎತ್ತಿ ಕುಡಿಯುವರು. ನನಗೆ ನೋಡಲಾಗುತ್ತಿರಲಿಲ್ಲ. ಆದರೂ ಪ್ರತಿಸಲ ನಿಪ್ಪಟ್ಟು ಕರಿದಾಗ ಕರೆಯುತ್ತಿದ್ದೆ, ಪಕ್ಕದಲ್ಲಿ ಕಾಫಿ ಲೋಟ ಇಡುತ್ತಿದ್ದೆ. ಶುಕ್ರವಾರದ ಹರಳೆಣ್ಣೆ ಮಾತ್ರ ತಪ್ಪಲಿಲ್ಲ. ನುಡಿಸದ ವಾದ್ಯಕ್ಕೆ ಎಣ್ಣೆ ಯಾಕೆ ಅಂತ ಕೇಳಿದರೆ, “ಕೆಲ್ಸ ಬುಟ್ಟೋರ್ಗೆ ಊಟ ಬ್ಯಾಡ್ವಾ?” ಅನ್ನುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ, ಹಾಲು ಕಾಯಿಸುತ್ತಿದ್ದೆ, ಮಹದೇವಮ್ಮ ಗೋಡೆಯ ಆಚೆಯಿಂದ ಕೂಗಿದರು. ಓಡಿದೆ. ಚಾಪೆಯ ಮೇಲೆ ಒರಗಿಕೊಂಡ ಹಾಗೇ ಇದ್ದರು. ನಾಡಿ ಇರಲಿಲ್ಲ. ಎದೆ ಒತ್ತಿದೆ, ಬಹಳ ಹೊತ್ತು ಒತ್ತಿದೆ. ಆಗಲೇ ಆಗಿಹೋಗಿತ್ತು.

ಇಂಥ ಹೊತ್ತಿನಲ್ಲಿ ನರ್ಸಿನ ಕೈಗಳಿಗೆ ತಮ್ಮ ಕೆಲಸ ಗೊತ್ತಿರುತ್ತದೆ. ಕಣ್ಣು ಮುಚ್ಚಿಸಿದೆ. ಮಹದೇವಮ್ಮನ ಹಳೇ ಸೀರೆಯಿಂದ ಪಟ್ಟಿ ಹರಿದು ದವಡೆ ಕಟ್ಟಲು ಹೋದೆ. ಬಾಯಿ ಸ್ವಲ್ಪ ತೆರೆದಿತ್ತು, ಟವೆಲ್ಲು ಇರಲಿಲ್ಲ. ಮುಂದಿನ ಎರಡು ಹಲ್ಲು ಕಂಡವು. ನಾಲ್ಕು ವರ್ಷ ನನ್ನನ್ನು ಸತಾಯಿಸಿದ ಹಲ್ಲುಗಳು. ದವಡೆ ಬಿಗಿಯುವಾಗ ಕಳಚಿ ಗಂಟಲಿಗೆ ಬೀಳಬಾರದಲ್ಲ ಅಂತ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ನೋಡಿದೆ.

ಅಲ್ಲಾಡಲಿಲ್ಲ.

ಇನ್ನೂ ಸ್ವಲ್ಪ ಜೋರಾಗಿ ಅಲ್ಲಾಡಿಸಿದೆ. ಪಕ್ಕದ್ದನ್ನೂ ನೋಡಿದೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ಇದ್ದವು. ತಲೆ ಎತ್ತಿದರೆ ಮಹದೇವಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು.

“ಅವ್ರ ಅಲ್ಲಿಗೆ ಏನೂ ಆಗಿರ್ನಿಲ್ಲ ಸಿಸ್ಟರಮ್ಮ” ಅಂದರು. “ಮೊನ್ನೆ ಮೊನ್ನೆ ಉಡಿಗಾಲದಿಂದ ಕಬ್ಬು ಬಂದಿತ್ತು, ನಡುಮನೇಲಿ ಕೂತ್ಕಂಡು ಸಿಗುದ್ ಸಿಗುದ್ ತಿಂದ್ರು. ಸದ್ದು ಆಚ್ಗೆ ಕೇಳ್ತದೆ ಕದ ಮುಚ್ಚಮ್ಮಿ ಅಂತಿದ್ರು.”

ನಾನು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ.

“ಸೀಳಿದ್ದು ಕೂಡ್ಲೇ ಇಲ್ಲ. ಮದ್ವೆಗೆ ನಾಕ್ ದಿನ ಅದೆ ಅನ್ನಂಗೇ ಗೊತ್ತಾಗಿತ್ತು, ಮೇಲ್ಗಡೆ ಸ್ವರ ಬರಲ್ಲ ಅಂತ. ಸಿಸ್ಟರಮ್ಮನ್ಗೆ ಯೋಳ್ಬುಡಿ ಅಂದೆ. ಮಗಳ್ ಧಾರೇಲಿ ಅಳ್ತಾ ಕೂತ್ಕತಾರೆ, ಬ್ಯಾಡ ಅಂದ್ರು. ಬ್ಯಾಂಡಿನೋರು ಬ್ಯಾರೇದು ತಂದ್ಕೊಟ್ರು. ಎರಡ್ ದಿನ ಊದಿ ಪೆಟ್ಗೆಗಾಕಿ ವಾಪಸ್ ಕಳುಸ್ಬುಟ್ರು, ಬಾಯಿಗೆ ಇಡುಸ್ನಿಲ್ಲ ಅಂತ. ಜನ ಕೇಳಿದ್ರೆ ಏನಂತೀರಿ ಅಂದೆ. ಅದ್ಕೂ ಒಂದ್ ಮದ್ದದೆ ಬುಡು ಅಂದ್ರು.”

ದವಡೆ ಕಟ್ಟಿದೆ. ಹೇಗೆ ಕಟ್ಟಿದೆನೋ ತಿಳಿಯದು. ಹಾಲಿನವನ ಎದುರಿಗೆ ಸೋಮಾರಿ ಅಂದಿದ್ದೆ. ಆ ಬಾಯಿಗೆ ಅಂದಿದ್ದೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಫೋಟೋ ಮುಂದೆ ಎಡೆ ಇಡುತ್ತಾರೆ, ಅವರಿಗೆ ಇಷ್ಟವಾದದ್ದನ್ನೆಲ್ಲ. ಹಿಂದಿನ ದಿನ ಮಹದೇವಮ್ಮ ಬಂದು, “ನಿಪ್ಪಟ್ಟು ನಿಮ್ ಕೈಯಿಂದ್ಲೇ ಆಗ್ಲಿ, ನೀವೇ ಬಂದು ಇಡಿ” ಅಂದರು. ಕ್ಲಾರಿನೆಟ್ ಪೆಟ್ಟಿಗೆಯನ್ನೂ ನಮ್ಮ ಮನೆಯಲ್ಲೇ ಬಿಟ್ಟು ಹೋದರು. ಅವರ ಮನೆಯಲ್ಲಿ ಇಲಿ ಕಾಟ ಇನ್ನೂ ಹೋಗಿಲ್ಲ. ಶುಕ್ರವಾರ ಒಂದು ಚೂರು ಎಣ್ಣೆ ತೋರಿಸುತ್ತೇನೆ, ಸಿಪ್ಪೆ ಬದಲಾಯಿಸುತ್ತೇನೆ. ಇನ್ನೇನೂ ಮಾಡುವುದಿಲ್ಲ.

ಕಾರ್ಯದ ದಿನ ಬೆಳಗ್ಗೆ ಎದ್ದು ತಲೆಗೆ ಸ್ನಾನ ಮಾಡಿ, ಹೊಸ ಎಣ್ಣೆಯಿಟ್ಟು ಕರಿದೆ. ಕಡಲೆಬೀಜ ಜಾಸ್ತಿ ಹಾಕಿ, ಸಣ್ಣ ಉರಿಯಲ್ಲಿ, ಕೆಂಪಗೆ, ಕಲ್ಲಿನ ಹಾಗೆ ಗಟ್ಟಿಯಾಗುವವರೆಗೂ ಬಿಟ್ಟೆ. ಐದು ನಿಪ್ಪಟ್ಟು ಎಲೆಯ ಬಲಗಡೆಗೆ ಇಟ್ಟೆ. ಮಹದೇವಮ್ಮ, ನಾನು ಯಾವಾಗಲೂ ಇಡುತ್ತಿದ್ದ ಹಾಗೆ, ಕಾಫಿ ಲೋಟ ತಂದು ಪಕ್ಕದಲ್ಲಿಡಲು ಬಂದರು.

“ಬೇಡ” ಅಂದೆ. “ಹಾಗೇ ಕಡೀತಾರೆ.”